ಗ್ರಿಡ್ ದತ್ತಾಂಶ ಕಡತಗಳಲ್ಲಿ ಲೇಬಲ್ ಮತ್ತು ಪದರಗಳ ಹೆಸರು

ಗ್ರಿಡ್ ದತ್ತಾಂಶ ಕಡತಗಳಲ್ಲಿ ಲೇಬಲ್ ಮತ್ತು ಪದರಗಳ ಹೆಸರು ಎಂಬುದು ಮಳೆ, ಉಷ್ಣಾಂಶ, ಭೂಬಳಕೆ ಮುಂತಾದ ಅಳತೆಗಳನ್ನು ಚೌಕಳಿ ರೂಪದಲ್ಲಿ ಕೂಡಿಡುವ ವೈಜ್ಞಾನಿಕ ಕಡತಗಳಲ್ಲಿ ಸಂಖ್ಯೆಗಳ ಜೊತೆಗೆ ಅವುಗಳ ಅರ್ಥವನ್ನು ತಿಳಿಸುವ ಪಠ್ಯವನ್ನು ಬರೆದಿಡುವ ವಿಧಾನವಾಗಿದೆ. ಯಾವ ಪದರದಲ್ಲಿ ಏನಿದೆ, ಅದರ ಮಾನ ಯಾವುದು, ಯಾವ ಸಂಕೇತ ಯಾವ ಊರನ್ನು ಅಥವಾ ವರ್ಗವನ್ನು ಸೂಚಿಸುತ್ತದೆ ಎಂಬುದನ್ನು ಈ ಪಠ್ಯವೇ ಹೇಳುತ್ತದೆ. ನೆಟ್‌ಸಿಡಿಎಫ್, ಎಚ್‌ಡಿಎಫ್5, ಗ್ರಿಬ್ ಮತ್ತು ಜಿಯೋಟಿಫ್ ಈ ಕ್ಷೇತ್ರದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕಡತ ರೂಪಗಳು. ಈ ಲೇಖನದಲ್ಲಿ ವಿಜಯಪುರ ಜಿಲ್ಲೆಯ ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಹೆಸರುಗಳನ್ನು ಉದಾಹರಣೆಯಾಗಿ ಬಳಸಲಾಗಿದೆ.

ಹಿನ್ನೆಲೆ

ಗ್ರಿಡ್ ದತ್ತಾಂಶವೆಂದರೆ ಭೂಮಿಯ ಮೇಲ್ಮೈಯನ್ನು ಅಕ್ಷಾಂಶ ಮತ್ತು ರೇಖಾಂಶಗಳ ಸಮಾನ ಅಂತರದಲ್ಲಿ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಒಂದೊಂದು ಬೆಲೆಯನ್ನು ನೀಡಿದ ಕೋಷ್ಟಕ. ಭಾರತೀಯ ಹವಾಮಾನ ಇಲಾಖೆಯು ಪ್ರಕಟಿಸುವ ದೈನಂದಿನ ಮಳೆಯ ಗ್ರಿಡ್ ದತ್ತಾಂಶ ಇದಕ್ಕೆ ಉತ್ತಮ ನಿದರ್ಶನ. 1901ರಿಂದ ಆರಂಭವಾಗುವ ಈ ಸರಣಿಯಲ್ಲಿ ಚೌಕಗಳ ನಡುವಿನ ಅಂತರ 0.25 ಡಿಗ್ರಿ. ಅದು 6.5 ಡಿಗ್ರಿಯಿಂದ 38.5 ಡಿಗ್ರಿ ಉತ್ತರ ಅಕ್ಷಾಂಶದವರೆಗೆ 129 ಸಾಲುಗಳನ್ನೂ, 66.5 ಡಿಗ್ರಿಯಿಂದ 100 ಡಿಗ್ರಿ ಪೂರ್ವ ರೇಖಾಂಶದವರೆಗೆ 135 ಕಂಬಗಳನ್ನೂ ಹೊಂದಿದೆ. ಅಂದರೆ ಒಂದು ದಿನಕ್ಕೆ 17,415 ಬೆಲೆಗಳು. ಒಂದು ಬೆಲೆಗೆ 4 ಬೈಟ್‌ಗಳಂತೆ ದಿನಕ್ಕೆ 69,660 ಬೈಟ್‌ಗಳು. 365 ದಿನಗಳ ವರ್ಷಕ್ಕೆ 2,54,25,900 ಬೈಟ್‌ಗಳು.

ಈ ದತ್ತಾಂಶವು ಎರಡು ರೂಪಗಳಲ್ಲಿ ದೊರೆಯುತ್ತದೆ. ಒಂದು, ಸಂಖ್ಯೆಗಳು ಮಾತ್ರ ಸಾಲಾಗಿ ಇರುವ ಬೈನರಿ ಕಡತ. ಇನ್ನೊಂದು ನೆಟ್‌ಸಿಡಿಎಫ್ ಕಡತ. ಬೈನರಿ ಕಡತದಲ್ಲಿ ಒಂದು ಅಕ್ಷರದ ಪಠ್ಯವೂ ಇರುವುದಿಲ್ಲ. ಮೊದಲ ಸಂಖ್ಯೆ ನೈಋತ್ಯ ಮೂಲೆಯದು, ರೇಖಾಂಶ ಮೊದಲು ಬದಲಾಗುತ್ತದೆ, ಅಂಕಿಅಂಶ ಇಲ್ಲದ ಕಡೆ −999 ಎಂದಿರುತ್ತದೆ ಎಂಬ ವಿವರಗಳನ್ನು ಬೇರೊಂದು ವಿವರಣಾ ಕಡತದಿಂದ ತಿಳಿಯಬೇಕು. ವಿವರಣಾ ಕಡತ ಕಳೆದುಹೋದರೆ ಸಂಖ್ಯೆಗಳು ಹಾಗೆಯೇ ಉಳಿದಿರುತ್ತವೆ, ಆದರೆ ಅವು ಮಳೆಯ ಅಳತೆಯೋ ಉಷ್ಣಾಂಶವೋ, ಮಿಲಿಮೀಟರೋ ಸೆಂಟಿಮೀಟರೋ ಎಂಬುದು ಗೊತ್ತಾಗುವುದಿಲ್ಲ. −999 ಎಂಬುದನ್ನು ನಿಜವಾದ ಬೆಲೆಯೆಂದು ಪರಿಗಣಿಸಿ ಸರಾಸರಿ ತೆಗೆದರೆ ಮಳೆಯ ಮೊತ್ತ ಋಣಸಂಖ್ಯೆಯಾಗುತ್ತದೆ. ನೆಟ್‌ಸಿಡಿಎಫ್‌ನಂತಹ ರೂಪಗಳು ಹುಟ್ಟಿಕೊಂಡದ್ದು ಈ ತೊಡಕನ್ನು ನಿವಾರಿಸುವುದಕ್ಕಾಗಿಯೇ. ದತ್ತಾಂಶವು ತನ್ನ ವಿವರಣೆಯನ್ನು ತನ್ನೊಳಗೇ ಹೊತ್ತಿರುವುದರಿಂದ ಇಂಥವನ್ನು ಸ್ವವಿವರಣಾ ಕಡತಗಳೆಂದು ಕರೆಯುತ್ತಾರೆ.

ಪಠ್ಯ ಇರುವ ಸ್ಥಾನಗಳು

ಸ್ವವಿವರಣಾ ಕಡತದಲ್ಲಿ ಪಠ್ಯವು ಮೂರು ಸ್ಥಾನಗಳಲ್ಲಿ ಕಾಣಿಸುತ್ತದೆ. ಇವುಗಳ ನಡುವಿನ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಅಗತ್ಯ.

1. ಚರ ಮತ್ತು ಆಯಾಮಗಳ ಹೆಸರು. ಮಳೆ, ಅಕ್ಷಾಂಶ, ರೇಖಾಂಶ, ಕಾಲ ಇತ್ಯಾದಿ. ತಂತ್ರಾಂಶವು ಪದರವನ್ನು ಹುಡುಕುವುದು ಈ ಹೆಸರಿನಿಂದಲೇ. ಆದ್ದರಿಂದ ಇದು ಚಿಕ್ಕದಾಗಿರಬೇಕು ಮತ್ತು ಬದಲಾಗಬಾರದು.

2. ಗುಣಲಕ್ಷಣಗಳು. ಪ್ರತಿಯೊಂದು ಚರಕ್ಕೂ ಅಂಟಿಸಿದ ಚಿಕ್ಕ ಟಿಪ್ಪಣಿಗಳಿವು. ಪೂರ್ಣ ಹೆಸರು, ಮಾನ, ಅಂಕಿಅಂಶ ಇಲ್ಲದಿರುವುದನ್ನು ಸೂಚಿಸುವ ಸಂಖ್ಯೆ ಮೊದಲಾದವು ಇಲ್ಲಿರುತ್ತವೆ. ಮನುಷ್ಯರು ಓದುವ ವಿವರಣೆಗೆ ಇದೇ ಸೂಕ್ತ ಸ್ಥಾನ.

3. ಲೇಬಲ್‌ಗಳು. ಇವು ಸ್ವತಃ ದತ್ತಾಂಶವಾಗಿರುವ ಪಠ್ಯ. ಜಿಲ್ಲೆ ಮತ್ತು ತಾಲ್ಲೂಕುಗಳ ಹೆಸರು, ಮಳೆಮಾಪನ ಕೇಂದ್ರಗಳ ಹೆಸರು, ಋತುಗಳ ಹೆಸರು, ಮಣ್ಣಿನ ಪದರಗಳ ಹೆಸರು ಈ ಗುಂಪಿಗೆ ಸೇರುತ್ತವೆ. ಹೆಚ್ಚಿನ ತೊಡಕುಗಳು ಎದುರಾಗುವುದು ಇಲ್ಲಿ.

ನೆಟ್‌ಸಿಡಿಎಫ್ ಕಡತದಲ್ಲಿ ಪಠ್ಯ

ನೆಟ್‌ಸಿಡಿಎಫ್ ಅನ್ನು ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್ ನಗರದಲ್ಲಿರುವ ಯುನಿಡೇಟಾ ಸಂಸ್ಥೆ ಅಭಿವೃದ್ಧಿಪಡಿಸಿತು. 1980ರ ದಶಕದ ಕೊನೆಯಲ್ಲಿ ಆರಂಭವಾದ ಇದರ ಮೂಲ ರೂಪದಲ್ಲಿ ಪಠ್ಯಕ್ಕೆ ಅಕ್ಷರ ಎಂಬ ಒಂದೇ ಪ್ರಕಾರವಿತ್ತು. ಒಂದು ಅಕ್ಷರಕ್ಕೆ ಒಂದು ಬೈಟ್. ಪದವೊಂದನ್ನು ಕೂಡಿಡಬೇಕಾದರೆ ಅಕ್ಷರಗಳ ಸಾಲನ್ನು ನಿರ್ಮಿಸಬೇಕು ಮತ್ತು ಸಾಲಿನ ಉದ್ದವನ್ನು ಒಂದು ಆಯಾಮವಾಗಿ ಮೊದಲೇ ಘೋಷಿಸಬೇಕು. ಐದು ತಾಲ್ಲೂಕುಗಳ ಹೆಸರುಗಳನ್ನು ಇಡುವುದಾದರೆ ತಾಲ್ಲೂಕು ಎಂಬ ಆಯಾಮದ ಅಳತೆ 5. ಹೆಸರಿನ ಉದ್ದ ಎಂಬ ಆಯಾಮದ ಅಳತೆ ಅತ್ಯಂತ ಉದ್ದನೆಯ ಹೆಸರಿನಷ್ಟು. ಚಿಕ್ಕ ಹೆಸರುಗಳ ಕೊನೆಯಲ್ಲಿ ಉಳಿಯುವ ಜಾಗವನ್ನು ಶೂನ್ಯ ಬೈಟ್‌ನಿಂದಲೋ ಖಾಲಿ ಸ್ಥಳದಿಂದಲೋ ತುಂಬಲಾಗುತ್ತದೆ. ಓದುವ ತಂತ್ರಾಂಶವು ಆ ತುಂಬುವಿಕೆಯನ್ನು ತೆಗೆದುಹಾಕಬೇಕು. ಹಾಗೆ ಮಾಡದಿದ್ದರೆ "ಇಂಡಿ" ಮತ್ತು ಕೊನೆಯಲ್ಲಿ ಖಾಲಿ ಸ್ಥಳವಿರುವ "ಇಂಡಿ" ಬೇರೆ ಬೇರೆ ಹೆಸರುಗಳಾಗಿ ಪರಿಣಮಿಸುತ್ತವೆ.

2008ರಲ್ಲಿ ಬಿಡುಗಡೆಯಾದ ನೆಟ್‌ಸಿಡಿಎಫ್-4 ರೂಪವು ಎಚ್‌ಡಿಎಫ್5ರ ಮೇಲೆ ಕಟ್ಟಲ್ಪಟ್ಟಿದೆ. ಇದರಲ್ಲಿ ಸ್ಟ್ರಿಂಗ್ ಎಂಬ ಹೊಸ ಪ್ರಕಾರ ಬಂದಿತು. ಸ್ಟ್ರಿಂಗ್‌ಗೆ ಉದ್ದವನ್ನು ಮೊದಲೇ ಘೋಷಿಸಬೇಕಾಗಿಲ್ಲ. ಪ್ರತಿ ಹೆಸರೂ ತನಗೆ ಬೇಕಾದಷ್ಟು ಜಾಗವನ್ನು ಪಡೆಯುತ್ತದೆ. ಆದರೆ ಹಳೆಯ ತಂತ್ರಾಂಶಗಳು ಇದನ್ನು ಓದಲಾರವು. ಹೀಗಾಗಿ ಅಕ್ಷರಸಾಲಿನ ವಿಧಾನವೂ ಬಳಕೆಯಲ್ಲಿ ಉಳಿದಿದೆ.

ಹವಾಮಾನ ದತ್ತಾಂಶಗಳಿಗೆ ಹೆಸರಿಡುವ ಕ್ರಮವನ್ನು ಸಿಎಫ್ ನಿಯಮಾವಳಿ ನಿಗದಿಪಡಿಸುತ್ತದೆ. 2003ರಲ್ಲಿ ಇದರ ಮೊದಲ ಆವೃತ್ತಿ ಬಂದಿತು. ಅದರಂತೆ ಒಂದು ಪದರಕ್ಕೆ ಎರಡು ಬಗೆಯ ವಿವರಣಾತ್ಮಕ ಹೆಸರುಗಳಿರಬಹುದು. ಮೊದಲನೆಯದು ಪ್ರಮಾಣಿತ ಹೆಸರು. ಜಗತ್ತಿನಾದ್ಯಂತ ಒಪ್ಪಿತವಾದ ಪಟ್ಟಿಯಿಂದಲೇ ಇದನ್ನು ಆಯ್ದುಕೊಳ್ಳಬೇಕು. ಎರಡನೆಯದು ದೀರ್ಘ ಹೆಸರು. ಇದನ್ನು ಕಡತ ಸಿದ್ಧಪಡಿಸುವವರು ತಮ್ಮ ಇಚ್ಛೆಯಂತೆ ಬರೆಯಬಹುದು. ಕನ್ನಡದಲ್ಲಿ ವಿವರಣೆ ಕೊಡಬೇಕಾದರೆ ದೀರ್ಘ ಹೆಸರಿನಲ್ಲಿ ಕೊಡುವುದು ಉಚಿತ. ಚರಗಳ ಹೆಸರನ್ನು ರೋಮನ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳಿಗೆ ಸೀಮಿತಗೊಳಿಸಿದರೆ ಎಲ್ಲ ತಂತ್ರಾಂಶಗಳಲ್ಲಿಯೂ ಕಡತ ತೆರೆದುಕೊಳ್ಳುತ್ತದೆ.

ವರ್ಗಗಳ ಹೆಸರು

ವರ್ಗಗಳನ್ನು ಸೂಚಿಸುವ ಪದರಗಳಲ್ಲಿ ಪ್ರತಿ ಚೌಕದಲ್ಲಿಯೂ ಪಠ್ಯವನ್ನು ಬರೆಯದೆ ಒಂದು ಸಣ್ಣ ಸಂಖ್ಯೆಯನ್ನು ಬರೆದು, ಸಂಖ್ಯೆಗಳ ಅರ್ಥವನ್ನು ಗುಣಲಕ್ಷಣದಲ್ಲಿ ಒಮ್ಮೆ ಮಾತ್ರ ನೀಡುವುದು ರೂಢಿ. ಭಾರತೀಯ ಹವಾಮಾನ ಇಲಾಖೆಯು ಮಳೆಯನ್ನು ವಾಡಿಕೆಯ ಪ್ರಮಾಣಕ್ಕೆ ಹೋಲಿಸಿ ವಿಂಗಡಿಸುವ ಕ್ರಮವನ್ನು ಹೀಗೆ ದಾಖಲಿಸಬಹುದು:

| ಸಂಕೇತ | ವರ್ಗ | ವಾಡಿಕೆಯಿಂದ ವ್ಯತ್ಯಾಸ (ಶೇಕಡಾ) |
|---|---|---|
| 1 | ಅತ್ಯಧಿಕ | +60 ಅಥವಾ ಹೆಚ್ಚು |
| 2 | ಅಧಿಕ | +20 ರಿಂದ +59 |
| 3 | ವಾಡಿಕೆ | −19 ರಿಂದ +19 |
| 4 | ಕೊರತೆ | −59 ರಿಂದ −20 |
| 5 | ತೀವ್ರ ಕೊರತೆ | −99 ರಿಂದ −60 |
| 6 | ಮಳೆ ಇಲ್ಲ | −100 |

ಇಲ್ಲಿನ ಸಂಕೇತ ಸಂಖ್ಯೆಗಳು ಉದಾಹರಣೆಗಾಗಿ ಕೊಟ್ಟವು. ಸಿಎಫ್ ನಿಯಮದಂತೆ ವರ್ಗಗಳ ಅರ್ಥಗಳನ್ನು ಖಾಲಿ ಸ್ಥಳದಿಂದ ಬೇರ್ಪಡಿಸಿ ಒಂದೇ ಸಾಲಿನಲ್ಲಿ ಬರೆಯಲಾಗುತ್ತದೆ. ಆದುದರಿಂದ ಎರಡು ಪದಗಳ ಹೆಸರನ್ನು ಅಡಿಗೆರೆಯಿಂದ ಜೋಡಿಸಬೇಕು. ಜೋಡಿಸದೆ "ತೀವ್ರ ಕೊರತೆ" ಎಂದು ಬಿಡಿಯಾಗಿ ಬರೆದರೆ ತಂತ್ರಾಂಶವು ತೀವ್ರ ಎಂಬುದನ್ನು ಐದನೆಯ ವರ್ಗವಾಗಿಯೂ ಕೊರತೆ ಎಂಬುದನ್ನು ಆರನೆಯ ವರ್ಗವಾಗಿಯೂ ಓದುತ್ತದೆ. ಆಗ ಒಂದು ಹನಿಯೂ ಮಳೆ ಬೀಳದ ಪ್ರದೇಶವು ನಕ್ಷೆಯಲ್ಲಿ ಬರೀ ಕೊರತೆಯ ಪ್ರದೇಶವೆಂದು ಕಾಣಿಸಿಕೊಳ್ಳುತ್ತದೆ.

ಕನ್ನಡ ಲಿಪಿ ಮತ್ತು ಬೈಟ್‌ಗಳ ಲೆಕ್ಕ

ಕಡತದಲ್ಲಿ ಕನ್ನಡ ಹೆಸರುಗಳನ್ನು ಇಡುವಾಗ ಉದ್ದವನ್ನು ಅಕ್ಷರಗಳಲ್ಲಿ ಅಲ್ಲ, ಬೈಟ್‌ಗಳಲ್ಲಿ ಎಣಿಸಬೇಕು. ಯೂನಿಕೋಡ್‌ನ ಯುಟಿಎಫ್-8 ಸಂಕೇತನದಲ್ಲಿ ರೋಮನ್ ಲಿಪಿಯ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಬಿಂದುವಿಗೆ 3 ಬೈಟ್‌ಗಳು ಬೇಕು. ಮೂಲಾಕ್ಷರ, ಸ್ವರಚಿಹ್ನೆ, ಅನುಸ್ವಾರ, ಅರ್ಧಾಕ್ಷರ ಸೂಚಿಸುವ ವಿರಾಮ ಚಿಹ್ನೆ ಪ್ರತಿಯೊಂದೂ ಪ್ರತ್ಯೇಕ ಸಂಕೇತಬಿಂದು. "ಶ್ವ" ಎಂಬ ಒಂದು ಒತ್ತಕ್ಷರವು ಶ, ವಿರಾಮ ಚಿಹ್ನೆ ಮತ್ತು ವ ಎಂಬ ಮೂರು ಬಿಂದುಗಳಿಂದಾಗಿ 9 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ.

| ಹೆಸರು | ಓದುವ ಅಕ್ಷರಗಳು | ಸಂಕೇತಬಿಂದುಗಳು | ಬೈಟ್‌ಗಳು (ಸಂಯುಕ್ತ ರೂಪ) | ಬೈಟ್‌ಗಳು (ವಿಭಜಿತ ರೂಪ) |
|---|---|---|---|---|
| ವಿಜಯಪುರ | 5 | 7 | 21 | 21 |
| ತಿಕೋಟಾ | 3 | 6 | 18 | 24 |
| ಬಬಲೇಶ್ವರ | 5 | 8 | 24 | 27 |
| ಇಂಡಿ | 2 | 4 | 12 | 12 |
| ಬಸವನ ಬಾಗೇವಾಡಿ | 8 | 13 | 37 | 40 |

ಕೊನೆಯ ಸಾಲಿನಲ್ಲಿ ಎರಡು ಪದಗಳ ನಡುವಿನ ಖಾಲಿ ಸ್ಥಳವೂ ಒಂದು ಸಂಕೇತಬಿಂದುವಾಗಿ ಸೇರಿದೆ. ಅದಕ್ಕೆ 1 ಬೈಟ್.

ವಿಜಯಪುರ ಎಂಬ ಹೆಸರು ರೋಮನ್ ಲಿಪಿಯಲ್ಲಿ 10 ಅಕ್ಷರಗಳದ್ದು, ಅಂದರೆ 10 ಬೈಟ್‌ಗಳು. ಆ ಅಳತೆಗೆ ಸರಿಯಾಗಿ ಜಾಗ ಕಾದಿರಿಸಿದ ಕಡತದಲ್ಲಿ ಕನ್ನಡದ ಹೆಸರನ್ನು ತುಂಬಿದರೆ "ವಿಜ" ಎಂಬಷ್ಟು ಮಾತ್ರ ಪೂರ್ಣವಾಗಿ ಹಿಡಿಸುತ್ತದೆ. ಹತ್ತನೆಯ ಬೈಟ್‌ನಲ್ಲಿ "ಯ" ಅಕ್ಷರದ ಮೂರನೆಯ ಒಂದು ಭಾಗ ಉಳಿದು, ಓದುವ ತಂತ್ರಾಂಶ ದೋಷವೆಂದು ನಿಂತುಬಿಡುತ್ತದೆ ಅಥವಾ ಪ್ರಶ್ನಾರ್ಥಕ ಚಿಹ್ನೆಯಿರುವ ಚೌಕವನ್ನು ತೋರಿಸುತ್ತದೆ.

ಸಂಯುಕ್ತ ಮತ್ತು ವಿಭಜಿತ ರೂಪಗಳು

ಯೂನಿಕೋಡ್‌ನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಲು ಸಾಧ್ಯ. ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳಿಗೆ ತಮ್ಮದೇ ಆದ ಒಂದೊಂದು ಸಂಕೇತಬಿಂದುವಿದೆ. ಅವನ್ನೇ ಬಿಡಿ ಚಿಹ್ನೆಗಳ ಸರಣಿಯಾಗಿಯೂ ಬರೆಯಬಹುದು. ಓ ಸ್ವರದ ಚಿಹ್ನೆಯನ್ನು ಎ ಸ್ವರಚಿಹ್ನೆ, ಊ ಸ್ವರಚಿಹ್ನೆ ಮತ್ತು ದೀರ್ಘಚಿಹ್ನೆ ಎಂಬ ಮೂರು ಬಿಂದುಗಳಾಗಿ ಬಿಡಿಸಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಗಣಕಕ್ಕೆ ಮಾತ್ರ ಅವು ಬೇರೆ ಬೇರೆ.

ತಿಕೋಟಾ ಮತ್ತು ಬಬಲೇಶ್ವರ ಎರಡೂ ಇಂತಹ ಸ್ವರಚಿಹ್ನೆಗಳಿರುವ ಹೆಸರುಗಳು. ಮಳೆಯ ಕಡತದಲ್ಲಿ ತಿಕೋಟಾ ಸಂಯುಕ್ತ ರೂಪದಲ್ಲಿಯೂ ನಕ್ಷೆಯ ಕಡತದಲ್ಲಿ ವಿಭಜಿತ ರೂಪದಲ್ಲಿಯೂ ಇದ್ದರೆ, ಹೆಸರಿನ ಆಧಾರದಿಂದ ಎರಡನ್ನೂ ಜೋಡಿಸುವಾಗ ತಿಕೋಟಾ ತಾಲ್ಲೂಕು ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ವಿಜಯಪುರದಲ್ಲಿ ಅಂತಹ ಸ್ವರಚಿಹ್ನೆ ಇಲ್ಲದ ಕಾರಣ ಅದು ಸರಿಯಾಗಿ ಜೋಡಣೆಯಾಗುತ್ತದೆ. ಇದರಿಂದ ದೋಷವನ್ನು ಪತ್ತೆಹಚ್ಚುವುದು ಇನ್ನೂ ಕಷ್ಟ.

ಉದ್ದದ ಲೆಕ್ಕವೂ ಇಲ್ಲಿ ತಪ್ಪುತ್ತದೆ. 18 ಬೈಟ್‌ಗಳ ಜಾಗದಲ್ಲಿ ಸಂಯುಕ್ತ ರೂಪದ ತಿಕೋಟಾ ಪೂರ್ತಿ ಹಿಡಿಸುತ್ತದೆ. ವಿಭಜಿತ ರೂಪಕ್ಕೆ 24 ಬೈಟ್‌ಗಳು ಬೇಕಾಗಿರುವುದರಿಂದ ಕೊನೆಯ ಆರು ಬೈಟ್‌ಗಳು ತುಂಡಾಗಿ "ತಿಕೋ" ಎಂದಷ್ಟೇ ಉಳಿಯುತ್ತದೆ. ತುಂಡಾದದ್ದು ಸರಿಯಾಗಿ ಅಕ್ಷರದ ಗಡಿಯಲ್ಲಿಯೇ ಆದ್ದರಿಂದ ತಂತ್ರಾಂಶ ಯಾವ ಎಚ್ಚರಿಕೆಯನ್ನೂ ನೀಡುವುದಿಲ್ಲ.

ನೆಟ್‌ಸಿಡಿಎಫ್ ಗ್ರಂಥಾಲಯವು ಚರ, ಆಯಾಮ ಮತ್ತು ಗುಣಲಕ್ಷಣಗಳ ಹೆಸರುಗಳನ್ನು ತಾನಾಗಿಯೇ ಸಂಯುಕ್ತ ರೂಪಕ್ಕೆ ತರುತ್ತದೆ. ಲೇಬಲ್‌ಗಳ ಒಳಗಿನ ಪಠ್ಯವನ್ನು ಅದು ಮುಟ್ಟುವುದಿಲ್ಲ. ಆದ ಕಾರಣ ಕಡತ ಬರೆಯುವ ಮೊದಲು ಎಲ್ಲ ಹೆಸರುಗಳನ್ನೂ ಸಂಯುಕ್ತ ರೂಪಕ್ಕೆ ತರುವ ಹೊಣೆ ಬರೆಯುವವರದು. ಪದಗಳ ನಡುವೆ ಅರ್ಧಾಕ್ಷರವನ್ನು ಬಿಡಿಯಾಗಿ ತೋರಿಸಲು ಬಳಸುವ ಅಗೋಚರ ಚಿಹ್ನೆಯು ಈ ಕ್ರಿಯೆಯಿಂದ ನಿವಾರಣೆಯಾಗುವುದಿಲ್ಲ. ಅದೂ 3 ಬೈಟ್‌ಗಳನ್ನು ಆಕ್ರಮಿಸುತ್ತದೆ. ಅದನ್ನು ಬೇರೆಯಾಗಿಯೇ ಪರಿಶೀಲಿಸಬೇಕು.

ಯೂನಿಕೋಡ್ ವ್ಯಾಪಕವಾಗುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಫಾಂಟ್ ಆಧಾರಿತ ಸಂಕೇತನದಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳು ಕಚೇರಿಗಳಲ್ಲಿ ಹೇರಳವಾಗಿವೆ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಕಡತಕ್ಕೆ ನಕಲಿಸಿದರೆ ಓದಲಾಗದ ಚಿಹ್ನೆಗಳ ಸಾಲು ಉಳಿಯುತ್ತದೆ.

ಹೆಸರು ಮತ್ತು ಸಂಕೇತಸಂಖ್ಯೆ

ಊರಿನ ಹೆಸರು ಸ್ಥಿರವಾದ ಗುರುತಲ್ಲ. ವಿಜಯಪುರದ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ.

* 1997ರಲ್ಲಿ ಬಿಜಾಪುರ ಜಿಲ್ಲೆಯಿಂದ ಬಾಗಲಕೋಟೆ ಜಿಲ್ಲೆ ಬೇರ್ಪಟ್ಟಿತು. ಅದಕ್ಕಿಂತ ಹಿಂದಿನ ಸರಣಿಯಲ್ಲಿ ಬಿಜಾಪುರ ಎಂಬ ಲೇಬಲ್ ಎರಡೂ ಜಿಲ್ಲೆಗಳ ಪ್ರದೇಶವನ್ನು ಒಳಗೊಂಡಿದೆ.
* 2014ರ ನವೆಂಬರ್ 1ರಿಂದ ಬಿಜಾಪುರಕ್ಕೆ ವಿಜಯಪುರ ಎಂಬ ಹೆಸರು ಅಧಿಕೃತವಾಯಿತು. ಪ್ರದೇಶ ಬದಲಾಗಲಿಲ್ಲ, ಲೇಬಲ್ ಬದಲಾಯಿತು.
* 2017ರಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಹೊಸ ತಾಲ್ಲೂಕುಗಳಲ್ಲಿ ತಿಕೋಟಾ ಮತ್ತು ಬಬಲೇಶ್ವರ ಸೇರಿದ್ದವು. ಅಲ್ಲಿಯವರೆಗೆ ಇವು ವಿಜಯಪುರ ತಾಲ್ಲೂಕಿನ ಭಾಗವಾಗಿದ್ದವು. ಇಲ್ಲಿ ವಿಜಯಪುರ ತಾಲ್ಲೂಕು ಎಂಬ ಲೇಬಲ್ ಹಾಗೆಯೇ ಉಳಿದು ಪ್ರದೇಶ ಕಿರಿದಾಯಿತು.
* ಛತ್ತೀಸ್‌ಗಢದಲ್ಲಿ 2007ರಿಂದ ಬಿಜಾಪುರ ಎಂಬ ಜಿಲ್ಲೆಯೇ ಇದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣವಿದೆ.

ಮೂರನೆಯ ಬಗೆಯ ಬದಲಾವಣೆ ಹೆಚ್ಚು ಅಪಾಯಕಾರಿ. ಹೆಸರು ಒಂದೇ ಇರುವುದರಿಂದ ಹಳೆಯ ಮತ್ತು ಹೊಸ ಅಂಕಿಅಂಶಗಳನ್ನು ಒಂದೇ ಸರಣಿಯೆಂದು ಜೋಡಿಸಿದರೆ, ತಾಲ್ಲೂಕಿನ ಸರಾಸರಿ ಮಳೆಯಲ್ಲಿ ಕಾಣುವ ಏರಿಳಿತವು ಮುಗಿಲಿನದೋ ಗಡಿರೇಖೆಯದೋ ಎಂದು ಹೇಳಲಾಗುವುದಿಲ್ಲ. ಬರಪೀಡಿತ ತಾಲ್ಲೂಕುಗಳ ಘೋಷಣೆಯಲ್ಲಿ ಮಳೆಯ ಕೊರತೆ ಒಂದು ಮುಖ್ಯ ಮಾನದಂಡ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದೂ ಹವಾಮಾನದ ಅಂಕಿಅಂಶಗಳಿಂದಲೇ. ಆದ್ದರಿಂದ ಲೇಬಲ್‌ನ ದೋಷವು ದ್ರಾಕ್ಷಿ ಬೆಳೆಗೆ ಹೆಸರಾದ ಈ ಭಾಗದ ರೈತರ ಲೆಕ್ಕಕ್ಕೆ ನೇರವಾಗಿ ತಾಗಬಲ್ಲದು.

ಈ ಕಾರಣದಿಂದ ಕಡತದಲ್ಲಿ ಹೆಸರಿನ ಜೊತೆಗೆ ಅಧಿಕೃತ ಸಂಕೇತಸಂಖ್ಯೆಯನ್ನೂ, ಗಡಿರೇಖೆ ಯಾವ ವರ್ಷದ್ದೆಂಬುದನ್ನೂ ದಾಖಲಿಸುವುದು ಉತ್ತಮ ಪದ್ಧತಿ. 2011ರ ಜನಗಣತಿಯಲ್ಲಿ ಅಂದಿನ ಬಿಜಾಪುರ ಜಿಲ್ಲೆಯ ಸಂಕೇತ 557. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶದಲ್ಲಿ ಜಿಲ್ಲೆ, ತಾಲ್ಲೂಕು ಮತ್ತು ಗ್ರಾಮಗಳಿಗೆ ಪ್ರತ್ಯೇಕ ಸಂಕೇತಗಳಿವೆ. ಜೋಡಣೆಗೆ ಸಂಖ್ಯೆಯನ್ನೂ ಓದುವುದಕ್ಕೆ ಹೆಸರನ್ನೂ ಬಳಸಿದರೆ ಕಾಗುಣಿತದ ವ್ಯತ್ಯಾಸಗಳು ಬಾಧಿಸುವುದಿಲ್ಲ.

ಜಾಗದ ದೃಷ್ಟಿಯಿಂದಲೂ ಇದು ಮಿತವ್ಯಯದ ಮಾರ್ಗ. 17,415 ಚೌಕಗಳಲ್ಲಿಯೂ 37 ಬೈಟ್‌ಗಳ ಹೆಸರನ್ನು ಬರೆದರೆ 6,44,355 ಬೈಟ್‌ಗಳಾಗುತ್ತವೆ. ಅದನ್ನು ಪ್ರತಿದಿನಕ್ಕೂ ಪುನರಾವರ್ತಿಸಿದರೆ ಒಂದು ವರ್ಷದಲ್ಲಿ ಹೆಸರುಗಳು ಮಳೆಯ ಸಂಖ್ಯೆಗಳ ಒಂಬತ್ತು ಪಟ್ಟಿಗಿಂತ ಹೆಚ್ಚು ಜಾಗವನ್ನು ನುಂಗುತ್ತವೆ. ಇದಕ್ಕೆ ಬದಲಾಗಿ ಚೌಕಕ್ಕೆ 2 ಬೈಟ್‌ಗಳ ಸಂಕೇತವನ್ನು ಒಮ್ಮೆ ಬರೆದರೆ 34,830 ಬೈಟ್‌ಗಳು ಸಾಕು. ಮೇಲಿನ ಐದು ಹೆಸರುಗಳ ಪಟ್ಟಿಗೆ ಬೇಕಾಗುವುದು ಕೇವಲ 185 ಬೈಟ್‌ಗಳು.

ಲೇಬಲ್‌ನ ಮಿತಿ

ಚೌಕಕ್ಕೆ ಊರಿನ ಹೆಸರನ್ನು ಕೊಟ್ಟ ಮಾತ್ರಕ್ಕೆ ಅದರ ಬೆಲೆ ಆ ಊರಿನ ಅಳತೆಯಾಗುವುದಿಲ್ಲ. ವಿಜಯಪುರದ ಅಕ್ಷಾಂಶದಲ್ಲಿ 0.25 ಡಿಗ್ರಿಯ ಚೌಕವು ದಕ್ಷಿಣೋತ್ತರವಾಗಿ ಸುಮಾರು 28 ಕಿಲೋಮೀಟರ್, ಪೂರ್ವಪಶ್ಚಿಮವಾಗಿ ಸುಮಾರು 27 ಕಿಲೋಮೀಟರ್ ಇರುತ್ತದೆ. ವಿಜಯಪುರ ನಗರಕ್ಕೆ ಹತ್ತಿರದ ಗ್ರಿಡ್ ಬಿಂದು 16.75 ಡಿಗ್ರಿ ಉತ್ತರ, 75.75 ಡಿಗ್ರಿ ಪೂರ್ವ. ನಗರದ ಪಶ್ಚಿಮಕ್ಕಿರುವ ತಿಕೋಟಾ ಮತ್ತು ನೈಋತ್ಯಕ್ಕಿರುವ ಬಬಲೇಶ್ವರ ಅದೇ ಚೌಕದಲ್ಲಿ ಅಥವಾ ಪಕ್ಕದ ಚೌಕಗಳಲ್ಲಿ ಬರುತ್ತವೆ. ಗ್ರಿಡ್‌ನ ಬೆಲೆಯು ಸುತ್ತಲಿನ ಮಳೆಮಾಪನ ಕೇಂದ್ರಗಳಿಂದ ಲೆಕ್ಕಹಾಕಿದ ಅಂದಾಜು. ಹೋಬಳಿ ಮತ್ತು ಗ್ರಾಮ ಪಂಚಾಯಿತಿ ಮಟ್ಟದ ಅಳತೆ ಬೇಕಾದವರು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಅಂಶವನ್ನು ನೋಡಬೇಕು. ಬೆಲೆಯು ಗ್ರಿಡ್‌ನಿಂದ ಬಂದದ್ದೋ ಮಾಪಕದಿಂದ ಬಂದದ್ದೋ ಎಂಬುದನ್ನು ಗುಣಲಕ್ಷಣದಲ್ಲಿ ಬರೆಯುವುದು ಆವಶ್ಯಕ.

ಇತರ ಕಡತ ರೂಪಗಳು

ಎಚ್‌ಡಿಎಫ್5: ಇದರಲ್ಲಿ ನಿಗದಿತ ಉದ್ದದ ಮತ್ತು ಬದಲಾಗುವ ಉದ್ದದ ಪಠ್ಯ ಎರಡಕ್ಕೂ ಅವಕಾಶವಿದೆ. ಪಠ್ಯವು ಆಸ್ಕಿಯೋ ಯುಟಿಎಫ್-8ೋ ಎಂಬುದನ್ನು ಕಡತದಲ್ಲಿಯೇ ಗುರುತಿಸಬಹುದು. ಇನ್ಸಾಟ್-3ಡಿ ಉಪಗ್ರಹದ ಚಿತ್ರಗಳನ್ನು ಇಸ್ರೋದ ಮಾಸ್ಡ್ಯಾಕ್ ಕೇಂದ್ರವು ಈ ರೂಪದಲ್ಲಿ ವಿತರಿಸುತ್ತದೆ. ಇಲ್ಲಿ ಪದರಗಳ ಹೆಸರುಗಳು ಸಂಕ್ಷಿಪ್ತ. "ಐಎಂಜಿ_ಟಿಐಆರ್1" ಎಂಬ ಪದರದಲ್ಲಿ ಇರುವುದು ಉಷ್ಣಾಂಶವಲ್ಲ, ಸಂವೇದಕದ ಎಣಿಕೆ. ಹೆಸರಿನ ಕೊನೆಯಲ್ಲಿ "_ಟೆಂಪ್" ಇರುವ ಕೋಷ್ಟಕದ ಮೂಲಕ ಎಣಿಕೆಯನ್ನು ಉಷ್ಣಾಂಶಕ್ಕೆ ಪರಿವರ್ತಿಸಿಕೊಳ್ಳಬೇಕು.

ಗ್ರಿಬ್: ವಿಶ್ವ ಹವಾಮಾನ ಸಂಸ್ಥೆಯ ಈ ರೂಪದಲ್ಲಿ ಪದರದ ಹೆಸರನ್ನು ಪಠ್ಯವಾಗಿ ಬರೆಯುವುದೇ ಇಲ್ಲ. ಎರಡನೆಯ ಆವೃತ್ತಿಯಲ್ಲಿ ವಿಷಯ 0, ವರ್ಗ 1, ಸಂಖ್ಯೆ 8 ಎಂದರೆ ಒಟ್ಟು ಮಳೆ. ಹೆಸರನ್ನು ಒದಗಿಸುವುದು ಓದುವ ತಂತ್ರಾಂಶದಲ್ಲಿರುವ ಕೋಷ್ಟಕ. ಆ ಕೋಷ್ಟಕ ಹಳೆಯದಾಗಿದ್ದರೆ ಹೊಸ ಪದರಗಳು ಅನಾಮಧೇಯವಾಗಿ ಕಾಣಿಸುತ್ತವೆ.

ಜಿಯೋಟಿಫ್: ಮೂಲ ಟಿಫ್ ರೂಪದಲ್ಲಿ ಪಟ್ಟಿಗಳಿಗೆ, ಅಂದರೆ ಬ್ಯಾಂಡ್‌ಗಳಿಗೆ, ಹೆಸರಿಡುವ ಸರ್ವಸಮ್ಮತ ವ್ಯವಸ್ಥೆಯಿಲ್ಲ. ಜಿಡಾಲ್ ಎಂಬ ಮುಕ್ತ ತಂತ್ರಾಂಶವು ತನ್ನದೇ ಆದ ಒಂದು ಟ್ಯಾಗ್‌ನಲ್ಲಿ ಅವನ್ನು ಬರೆಯುತ್ತದೆ. ವರ್ಗಗಳ ಹೆಸರುಗಳು ಅನೇಕ ವೇಳೆ ಜೊತೆಯ ಚಿಕ್ಕ ಕಡತದಲ್ಲಿರುತ್ತವೆ. ಚಿತ್ರವನ್ನು ಮಾತ್ರ ನಕಲಿಸಿ ಆ ಕಡತವನ್ನು ಬಿಟ್ಟರೆ ಹೆಸರುಗಳು ಹಿಂದೆಯೇ ಉಳಿಯುತ್ತವೆ.

ಅನುಸರಿಸಬೇಕಾದ ಕ್ರಮಗಳು

* ಚರಗಳ ಹೆಸರು ರೋಮನ್ ಲಿಪಿಯಲ್ಲಿ ಚಿಕ್ಕದಾಗಿರಲಿ. ಕನ್ನಡದ ವಿವರಣೆ ದೀರ್ಘ ಹೆಸರಿನಲ್ಲಿರಲಿ.
* ಸಾಧ್ಯವಿದ್ದಲ್ಲಿ ಸ್ಟ್ರಿಂಗ್ ಪ್ರಕಾರವನ್ನು ಬಳಸಬೇಕು. ಅಕ್ಷರಸಾಲನ್ನು ಬಳಸುವುದಾದರೆ ಉದ್ದವನ್ನು ಬೈಟ್‌ಗಳಲ್ಲಿ ಎಣಿಸಬೇಕು ಮತ್ತು ಸಂಕೇತನ ಯುಟಿಎಫ್-8 ಎಂದು ಗುಣಲಕ್ಷಣದಲ್ಲಿ ನಮೂದಿಸಬೇಕು.
* ಎಲ್ಲ ಹೆಸರುಗಳನ್ನೂ ಮೊದಲೇ ಸಂಯುಕ್ತ ರೂಪಕ್ಕೆ ತರಬೇಕು.
* ಹೆಸರಿನೊಂದಿಗೆ ಸಂಕೇತಸಂಖ್ಯೆ ಮತ್ತು ಗಡಿರೇಖೆಯ ವರ್ಷವನ್ನು ದಾಖಲಿಸಬೇಕು.
* ಬರೆದ ಕಡತವನ್ನು ಮತ್ತೆ ತೆರೆದು ಪ್ರತಿ ಹೆಸರನ್ನೂ ಮೂಲ ಪಟ್ಟಿಯೊಂದಿಗೆ ಹೋಲಿಸಬೇಕು. ನೆಟ್‌ಸಿಡಿಎಫ್‌ನ ಜೊತೆಗೆ ಬರುವ ಎನ್‌ಸಿಡಂಪ್ ಎಂಬ ಉಪಕರಣವು ಕಡತದ ಒಳಗಿನ ಹೆಸರು ಮತ್ತು ಲೇಬಲ್‌ಗಳನ್ನು ಪಠ್ಯರೂಪದಲ್ಲಿ ತೋರಿಸುತ್ತದೆ.

ಇವನ್ನೂ ನೋಡಿ

* ಯೂನಿಕೋಡ್
* ಭಾರತೀಯ ಹವಾಮಾನ ಇಲಾಖೆ
* ಭೌಗೋಳಿಕ ಮಾಹಿತಿ ವ್ಯವಸ್ಥೆ
* ವಿಜಯಪುರ ಜಿಲ್ಲೆ
* ತಿಕೋಟಾ
* ಬಬಲೇಶ್ವರ